ಹಲ್ಲಿಲ್ಲದ ಉಂಗುರ

9 ಜನವರಿ 1956

ಪ್ರೀತಿಯ ಅಕ್ಕ,

ಬಂದು ನಲವತ್ತು ದಿನವಾದರೂ ಒಂದು ಸಾಲು ಬರೆಯಲಿಲ್ಲವೆಂದು ಅಮ್ಮ ಗೊಣಗುತ್ತಿರಬೇಕು. ಊಟ ಸರಿಯಾಗಿ ಆಗುತ್ತಿದೆ ಎಂದು ಅವಳಿಗೆ ಹೇಳು. ನಿನಗೆ ಮಾತ್ರ ನಿಜ ಹೇಳುತ್ತೇನೆ, ಆಗುತ್ತಿಲ್ಲ. ರೈತ ಸಂಘದ ಅಚ್ಚುಮನೆಗೆ ಹೋಗುತ್ತೇನೆಂದು ಎದೆಯುಬ್ಬಿಸಿಕೊಂಡು ಹೊರಟೆನಲ್ಲ, ಆ ಅಚ್ಚುಮನೆ ಅಂದರೆ ಕಾಲಿನಿಂದ ತುಳಿಯುವ ಒಂದು ಯಂತ್ರ, ನಾಲ್ಕು ಕೇಸು ಅಚ್ಚಿನ ಮೊಳೆ, ಒಂದು ಕಲ್ಲಿನ ಮೇಜು. ಹಿಂದಿನ ಮಾಲೀಕ ಇದರಲ್ಲಿ ಸಾಬೂನಿನ ಹೊದಿಕೆ ಅಚ್ಚು ಹಾಕುತ್ತಿದ್ದನಂತೆ. ನಮ್ಮ ಕರಪತ್ರಗಳಿಗೆಲ್ಲ ಇನ್ನೂ ಅದೇ ವಾಸನೆ. ಧಣಿಗಳ ಕೊಳೆ ತೊಳೆಯಲು ಅಷ್ಟಾದರೂ ಇರಲಿ.

ತಮಾಷೆ ಸಾಕು. ಇಲ್ಲಿನ ದೊಡ್ಡ ನಾಲೆ ಇಪ್ಪತ್ತು ಮೈಲಿ ಉದ್ದ. ಸರ್ಕಾರ ಅದನ್ನು ತೋಡಿದ್ದು ಕಟ್ಟಕಡೆಯ ಊರಿನವರೆಗೂ ನೀರು ಹೋಗಲೆಂದು. ಆದರೆ ನಾಲ್ಕನೇ ಮೈಲಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಾರ್ಖಾನೆಯ ಕಬ್ಬು ಕುಡಿದು ಮಿಕ್ಕಿದ ನೀರು ಕೆಳಗಿನವರಿಗೆ. ಮಿಗುವುದಿಲ್ಲ. ಅಲ್ಲಿ ನೀರು ತಡೆಯುವ ಅಡ್ಡ ತೂಬಿನ ಬಾಗಿಲಿಗೆ ಕಾರ್ಖಾನೆಯ ಕಾವಲು.

ಕಳೆದ ಗುರುವಾರ ಕೊನೆಯ ಊರಿನ ರೈತನೊಬ್ಬ ನಡೆದು ಬಂದು ಆ ಬಾಗಿಲು ಎತ್ತಿದ. ಹಾಡಹಗಲಲ್ಲಿ ಎತ್ತಿದ, ಕದಿಯಲಿಲ್ಲ. ಕಾವಲಿನವರು ಅವನ ಎರಡೂ ಕೈಯನ್ನು ಬಾಗಿಲ ಕೆಳಗಿನ ಹೊಸ್ತಿಲ ಮೇಲೆ ಇಡಿಸಿ, ಬಾಗಿಲಿನ ತಿರುಪನ್ನು ಮೂರು ಸುತ್ತು ಇಳಿಸಿದರು. ನಾನು ಅವನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ದೂರು ಬರೆದದ್ದು ನಾನೇ. ಪೇದೆ ಓದಿ, "ಎಲ್ಲಾ ಸರಿಯಾಗಿದೆ, ಹೆಬ್ಬೆಟ್ಟು ಒತ್ತಿಸು" ಎಂದ. ಅವನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದೆ. ಹೆಬ್ಬೆಟ್ಟು ಇರಲಿಲ್ಲ. "ಹಾಗಾದ್ರೆ ದೂರು ಆಗಲ್ಲ" ಎಂದ. ಆ ರೈತ ನಕ್ಕುಬಿಟ್ಟ, ಅಕ್ಕ. ಅಂಥ ನಗುವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನನಗೆ ಈ ನಾಲೆಯ ಪ್ರದೇಶದ ನಕ್ಷೆ ಬೇಕು. ನಿಮ್ಮ ಭೂಮಾಪನ ಕಚೇರಿಯಲ್ಲಿ ನೀನು ಎಳೆದಿದ್ದೀಯಲ್ಲ, ಅದೇ. ಮನವಿಯ ಜೊತೆ ಲಗತ್ತಿಸಬೇಕು. ಅಧಿಕಾರಿಗಳಿಗೆ ನಾವು ಬಾಯಲ್ಲಿ ಹೇಳಿದ್ದು ಕಿವಿಗೆ ಬೀಳುವುದಿಲ್ಲ, ಅಚ್ಚಾಗಿದ್ದರೆ ಕಣ್ಣಿಗಾದರೂ ಬೀಳುತ್ತದೆ.

ನಿನ್ನ
ಬೆಂಕಿಪೊಟ್ಟಣ


20 ಜನವರಿ 1956

ಬೆಂಕಿಪೊಟ್ಟಣಕ್ಕೆ,

ಊಟ ಸರಿಯಾಗಿಲ್ಲ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಅನುಭವಿಸು.

ನಾಲೆಯಿರುವ ಪ್ರದೇಶದ ಹಾಳೆಗಳಿಗೆ ನಮ್ಮ ಕಚೇರಿಯಲ್ಲಿ ಬೀಗವಿದೆ. ಬೆಳಗ್ಗೆ ಎಣಿಸಿ ಕೊಡುತ್ತಾರೆ, ಸಂಜೆ ಎಣಿಸಿ ಒಳಗಿಡುತ್ತಾರೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಕೈಗೆ ಕೋಳವೂ ಬೀಳುತ್ತದೆ. ಇಷ್ಟು ಹೇಳಿ ಬಯ್ದಾಯಿತು. ಈಗ ಇದರ ಜೊತೆ ಬರುವ ಅಪ್ಪನ ಹಳೆಯ ಕೋಟಿನ ಒಳಪದರ ಬಿಚ್ಚಿ ನೋಡು.

ಅದು ನಾನು ಒಬ್ಬಳೇ ಎಳೆದ ಮೊದಲ ಹಾಳೆ. ಅಚ್ಚಾಗುವಾಗ ಹಸಿರು ಬಣ್ಣ ಕೂದಲೆಳೆಯಷ್ಟು ಜರುಗಿದ್ದಕ್ಕೆ ರದ್ದಿಗೆ ಎಸೆದಿದ್ದ ಪ್ರತಿ. ಎರಡು ವರ್ಷದಿಂದ ನನ್ನ ಹಾಸಿಗೆಯ ಕೆಳಗಿತ್ತು. ನಮ್ಮ ಮೇಲಿನವರು ಗೊತ್ತಲ್ಲ, ಭೂತಗನ್ನಡಿ? ಆಗ ದಿನಾ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು. "ಏನಮ್ಮಾ, ನಾಲೆ ಎಳೀತಿದೀಯೋ, ಜಡೆ ಹೆಣೀತಿದೀಯೋ? ಬೇಗ!" ಕೊನೆಗೆ ಮಾತ್ರ ಅಪರೂಪಕ್ಕೆ, "ಚೊಕ್ಕವಾಗಿದೆ" ಎಂದರು.

ಓದುವ ರೀತಿ ಹೇಳಿಕೊಡುತ್ತೇನೆ. ನೀಲಿ ಎಲ್ಲ ನೀರು. ಕಂದು ಗೆರೆ ಎಲ್ಲ ಎತ್ತರ. ಒಂದೇ ಗೆರೆಯ ಮೇಲಿರುವ ನೆಲವೆಲ್ಲ ಒಂದೇ ಎತ್ತರದ್ದು. ಗೆರೆಯಿಂದ ಗೆರೆಗೆ ಐದು ಅಡಿ. ಕಪ್ಪು ಚೌಕಗಳು ಮನೆ. ಕಾಯಂ ಗೋಡೆಯಿರುವ ಮನೆ ಮಾತ್ರ. ಜೋಪಡಿ, ಚಪ್ಪರಗಳನ್ನು ನಾವು ಎಳೆಯುವುದಿಲ್ಲ. ಇವತ್ತಿದ್ದು ನಾಳೆ ಹೋಗುವುದನ್ನು ಎಳೆಯಬಾರದೆಂದು ನಿಯಮ.

ಆ ರೈತನ ಕೈ ಹೇಗಿದೆ? ಬರೆ. ಮನವಿಗೆ ನಕಲು ಎಳೆದುಕೊಂಡ ಮೇಲೆ ಹಾಳೆಯನ್ನು ಸುಟ್ಟುಬಿಡು.

ಅಕ್ಕ


3 ಫೆಬ್ರವರಿ 1956

ಪ್ರೀತಿಯ ಅಕ್ಕ,

ಕೋಟು ಬಂತು. ತೋಳು ಗಿಡ್ಡವಾಗಿದೆ. ನಕ್ಷೆಯನ್ನು ಕಲ್ಲಿನ ಮೇಜಿನ ಮೇಲೆ ಹರಡಿ ಎರಡು ಗಂಟೆ ಸುಮ್ಮನೆ ನೋಡಿದೆ. ಇಷ್ಟು ದಿನ ಕಬ್ಬಿನ ಗೋಡೆಗಳ ನಡುವೆ ಇಲಿಯಂತೆ ಓಡಾಡುತ್ತಿದ್ದೆ. ಎಂಟಡಿ ಎತ್ತರದ ಕಬ್ಬು. ಹತ್ತು ಹೆಜ್ಜೆ ಆಚೆ ನೆಲ ಏರಿದೆಯೋ ಇಳಿದಿದೆಯೋ ತಿಳಿಯುವುದಿಲ್ಲ. ಈಗ ಎಲ್ಲವೂ ನನ್ನ ಕಣ್ಣಿನ ಕೆಳಗಿದೆ. ಕಾರ್ಖಾನೆಯ ಧಣಿ ತನ್ನ ಮಹಡಿಯಿಂದ ನೋಡುವುದಕ್ಕಿಂತ ಹೆಚ್ಚು ನಾನು ನೋಡಬಲ್ಲೆ.

ಒಂದು ಜಗಳ ಇದೆ. ನಾಲ್ಕನೇ ಮೈಲಿಯ ಪಶ್ಚಿಮಕ್ಕೆ ಅರವತ್ತು ಜೋಪಡಿಗಳಿವೆ. ಕಬ್ಬು ಕಡಿಯಲು ದೂರದಿಂದ ಬಂದವರು, ಎರಡು ತಿಂಗಳಾಯಿತು. ನಿನ್ನ ನಕ್ಷೆಯಲ್ಲಿ ಅಲ್ಲಿ ಬರೀ ಬಿಳಿ. ಕಾರ್ಖಾನೆಯ ಹೆಸರಂತೂ ಊರಿನ ಹೆಸರಿಗಿಂತ ದಪ್ಪಕ್ಷರದಲ್ಲಿ ಅರ್ಧ ಬಯಲನ್ನೇ ತುಂಬಿದೆ. ಹೊಗೆ ಕೊಳವೆ ಕೂಡ ಎಳೆದಿದ್ದೀರಿ. ಮನುಷ್ಯರಿಗಿಂತ ಕೊಳವೆ ಕಾಯಂ, ಅಲ್ಲವೇ? ನಿನ್ನನ್ನು ಅನ್ನುತ್ತಿಲ್ಲ, ನಿನ್ನ ನಿಯಮವನ್ನು ಅನ್ನುತ್ತಿದ್ದೇನೆ.

ಆ ಬಿಳಿ ಜಾಗದಲ್ಲಿ, ಕಾರ್ಖಾನೆಯ ಹೆಸರಿನ ಕೊನೆಯ ಅಕ್ಷರಗಳ ಅಡಿಯಲ್ಲಿ, ಒಂದು ಕಂದು ಉಂಗುರ ಇದೆ, ಸುತ್ತಿ ಮುಚ್ಚಿಕೊಂಡ ಗೆರೆ. ಅದು ದಿಬ್ಬ ತಾನೆ? ಸುತ್ತಲಿಗಿಂತ ಐದಡಿ ಎತ್ತರ ಎಂದೇ ಅರ್ಥವಲ್ಲವೇ? ಖಚಿತವಾಗಿ ಬರೆ. ಜೋಪಡಿಗಳ ಮಕ್ಕಳಿಗೆ ಅಲ್ಲೊಂದು ಶಾಲೆ ಕಟ್ಟುವ ಯೋಚನೆ ಇದೆ. ಮಳೆಗಾಲದಲ್ಲಿ ಒದ್ದೆಯಾಗದ ಜಾಗ ಬೇಕು.

ನಕ್ಷೆಯನ್ನು ನೀರುಗಂಟಿಗೂ ತೋರಿಸಿದೆ. ತೂಬಿನ ಪಕ್ಕದ ಕೋಣೆಯಲ್ಲಿದ್ದುಕೊಂಡು ಬಾಗಿಲು ಎತ್ತಿ ಇಳಿಸುವ ಮುದುಕ. ಮೂವತ್ತು ವರ್ಷದಿಂದ ಅಲ್ಲೇ. ಸಂಬಳ ಸರ್ಕಾರದ್ದು, ಕೋಣೆ ಕಾರ್ಖಾನೆಯದ್ದು. ಮೇಲಿನವರು ಹೇಗೆ ಹೇಳಿದರೆ ಹಾಗೆ ತಿರುಪು ತಿರುಗಿಸುತ್ತಾನೆ. ಕನ್ನಡಕ ಏರಿಸಿ ನೋಡಿ, "ಇದು ನಾಲೆನಾ? ಜರಿಹುಳ ಅಂದ್ಕೊಂಡೆ!" ಎಂದು ನಕ್ಕ. ಉಂಗುರದ ಮೇಲೆ ಬೆರಳಿಟ್ಟು ದಿಬ್ಬ ಎಂದಾಗ ಇನ್ನೂ ಜೋರಾಗಿ ನಕ್ಕ. ಆಮೇಲೆ ಏನೋ ಹೇಳಿದ. ಅದನ್ನೆಲ್ಲ ಬರೆದು ನಿನ್ನ ಹೊತ್ತು ಹಾಳು ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ರೈತನ ಕೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿದರು. ಎರಡೂ.

ಬೆಂಕಿಪೊಟ್ಟಣ


8 ಫೆಬ್ರವರಿ 1956

ತಮ್ಮಾ,

ನಿನ್ನ ಕೊನೆಯ ಸಾಲನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಶಾಲೆಯ ವಿಷಯ ಎರಡು ಸಲ ಓದಿಸಿಕೊಂಡಳು. "ನನ್ನ ಮಗ ಏನಾದ್ರೂ ಒಡೆದು ಹಾಕ್ತಾನೆ ಅಂದ್ಕೊಂಡಿದ್ದೆ, ಕಟ್ತಾ ಇದಾನೆ" ಎಂದು ನೆರೆಮನೆಗೆಲ್ಲ ಹೇಳಿ ಬಂದಳು.

ಉಂಗುರದ ಲೆಕ್ಕ ಸುಲಭ. ಮುಚ್ಚಿಕೊಂಡ ಗೆರೆಯ ಒಳಬದಿಗೆ ಬಾಚಣಿಗೆಯಂಥ ಸಣ್ಣ ಸಣ್ಣ ಹಲ್ಲುಗಳಿದ್ದರೆ ಅದು ತಗ್ಗು. ಹಲ್ಲಿಲ್ಲದಿದ್ದರೆ ದಿಬ್ಬ. ನಿನ್ನ ಉಂಗುರಕ್ಕೆ ಹಲ್ಲಿಲ್ಲ ತಾನೆ? ಹಾಗಾದರೆ ದಿಬ್ಬವೇ. ಧೈರ್ಯವಾಗಿ ತಳಪಾಯ ಹಾಕು. ಆ ಜಾಗದ ನೆನಪು ನನಗೆ ಅಷ್ಟಾಗಿ ಇಲ್ಲ, ಎರಡು ವರ್ಷದಲ್ಲಿ ಮೂವತ್ತು ಹಾಳೆ ಎಳೆದಿದ್ದೇನೆ. ಆದರೆ ಗೆರೆ ಸುಳ್ಳು ಹೇಳುವುದಿಲ್ಲ.

ಜೋಪಡಿಗಳ ಬಗ್ಗೆ ನೀನು ಹೇಳಿದ್ದು ಮನಸ್ಸಿಗೆ ನಾಟಿತು. ಭೂತಗನ್ನಡಿಯ ಹತ್ತಿರ ಎತ್ತಿದೆ. "ಕಾಯಂ ಗೋಡೆ ಕಟ್ಕೊಂಡ ದಿನ ಹೇಳು, ಕಾಯಂ ಶಾಯೀಲಿ ಎಳೆಯೋಣ" ಎಂದರು. ನಿನ್ನ ಶಾಲೆಗೆ ಗೋಡೆ ಬರಲಿ, ಅದರ ಕಪ್ಪು ಚೌಕ ನನ್ನ ಕೈಯಿಂದಲೇ.

ಒಂದು ಮಾತು. ಆ ಮುದುಕ ಯಾಕೆ ನಕ್ಕ?

ಅಕ್ಕ


15 ಫೆಬ್ರವರಿ 1956

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮುದುಕನ ನಗು ತಲೆಯೊಳಗೇ ಕೂತಿತ್ತು. ಮೂವತ್ತು ವರ್ಷ ಒಂದೇ ಜಾಗದಲ್ಲಿದ್ದವನು ಸುಮ್ಮನೆ ನಗುವುದಿಲ್ಲ. ನಿನ್ನೆ ನೆಪ ಮಾಡಿಕೊಂಡು ದಾಖಲೆ ಕೋಣೆಗೆ ಹೋದೆ. ಭೂಮಾಪಕ ಆ ಬಯಲಲ್ಲೇ ನಿಂತು ಪೆನ್ಸಿಲಿನಲ್ಲಿ ಎಳೆದ ಮೂಲ ಹಾಳೆ ತೆಗೆಸಿ ನೋಡಿದೆ.

ಉಂಗುರಕ್ಕೆ ಹಲ್ಲುಗಳಿವೆ. ಹನ್ನೊಂದು. ಒಳಮುಖವಾಗಿ. ಅದು ದಿಬ್ಬವಲ್ಲ, ತಗ್ಗು. ಪಕ್ಕದಲ್ಲಿ ಅವನ ಕೈಬರಹ: "ಮಳೆಗಾಲದಲ್ಲಿ ಎದೆಮಟ್ಟ ನೀರು, ಉಪ್ಪು ನೆಲ, ಬೆಳೆಯಿಲ್ಲ."

ಅಚ್ಚಾಗುವ ಮುಂಚೆ ಯಾರೋ ಹಲ್ಲುಗಳನ್ನು ತೆಗೆದಿದ್ದಾರೆ. ಶಾಲೆಯ ತಳಪಾಯ ಹಾಕಬೇಡ, ಹಾಕಿದ್ದರೆ ನಿಲ್ಲಿಸು. ತಂತಿ ಕೊಡಲೆಂದು ಅಂಚೆ ಕಚೇರಿಯವರೆಗೂ ಹೋಗಿದ್ದೆ. "ಶಾಲೆ ಕಟ್ಟೋದಕ್ಕೆಲ್ಲ ತಂತಿನಾ? ಅಲ್ಲಿನ ಜನ ಹೆದರ್ಕೋತಾರೆ" ಎಂದು ಜೊತೆಗೆ ಬಂದಿದ್ದ ಅಮ್ಮ ಬೈದಳು. ಅದೂ ಸರಿಯೇ. ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿದೆ.

ಮುದುಕನಿಗೆ ನನ್ನ ನಮಸ್ಕಾರ ಹೇಳು.

ಅಕ್ಕ


16 ಫೆಬ್ರವರಿ 1956, ಬೆಳಗ್ಗೆ

ಅಕ್ಕಾ,

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲವೂ ಪತ್ರಿಕೆಯಲ್ಲಿ ಬಂದಿರುತ್ತದೆ. ಶಾಲೆ ಎಂದದ್ದು ಸುಳ್ಳು, ಕ್ಷಮಿಸು. ನಿಜ ಹೇಳಿದ್ದರೆ ನೀನು ಹೆದರುತ್ತಿದ್ದೆ, ಉತ್ತರ ಕೊಡುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಕಾವಲಿನವರು ಊಟಕ್ಕೆ ಕೂತಾಗ ನಾಲ್ಕನೇ ಮೈಲಿಯಲ್ಲಿ ನಾಲೆಯ ಪಶ್ಚಿಮದ ಏರಿಯನ್ನು ಕಡಿಯುತ್ತೇವೆ. ಒಂಬತ್ತು ಜನ, ಒಂಬತ್ತು ಗುದ್ದಲಿ. ನಿನ್ನ ಕಂದು ಗೆರೆಗಳ ಪ್ರಕಾರ ನೀರು ದಿಬ್ಬವನ್ನು ಬಳಸಿಕೊಂಡು ಹಳ್ಳಕ್ಕೆ ಇಳಿದು ನೇರವಾಗಿ ಕಾರ್ಖಾನೆಯ ಅಂಗಳಕ್ಕೆ ನುಗ್ಗುತ್ತದೆ. ಕುಲುಮೆ ಆರುತ್ತದೆ. ಧಣಿಗೆ ನೀರು ಬೇಕಲ್ಲವೇ, ಕುಡಿಯಲಿ! ಜೋಪಡಿಗಳು ದಿಬ್ಬದ ಮೇಲಿವೆ. ಅವರಿಗೆ ಪಾದ ಕೂಡ ಒದ್ದೆಯಾಗುವುದಿಲ್ಲ. ನೀನು ಬರೆದದ್ದರಿಂದ ಅದು ಖಚಿತವಾಯಿತು. ಇಲ್ಲದಿದ್ದರೆ ನಾನು ಒಪ್ಪುತ್ತಿರಲಿಲ್ಲ, ಇದನ್ನು ನೆನಪಿಡು.

ಎರಡು ಕೈಗೆ ಒಂದು ಕಾರ್ಖಾನೆ. ಕಡಿಮೆಯೇ ಆಯಿತು.

ಬೆಂಕಿಪೊಟ್ಟಣ


19 ಫೆಬ್ರವರಿ 1956

ಅಕ್ಕ,

ಹದಿನಾರನೇ ತಾರೀಖಿನ ನನ್ನ ಪತ್ರವನ್ನು ಸುಟ್ಟುಬಿಡು. ಮೊದಲಿನವುಗಳನ್ನೂ.

ಹದಿನಾರರಂದು ಮಧ್ಯಾಹ್ನ ನಾಲ್ಕನೇ ಮೈಲಿಯಲ್ಲಿ ಏರಿ ಒಡೆಯಿತು. ನೀರು ಜೋಪಡಿಗಳ ಮೇಲೆ ಹೋಯಿತು. ಗಂಡಸರು ಹೆಂಗಸರು ಕಬ್ಬಿನಲ್ಲಿದ್ದರು. ಜೋಪಡಿಯಲ್ಲಿದ್ದದ್ದು ಮಕ್ಕಳು, ಮುದುಕರು, ಒಬ್ಬ ಬಾಣಂತಿ. ಹದಿನಾಲ್ಕು ಜನ. ಅದರಲ್ಲಿ ಒಂಬತ್ತು ಮಕ್ಕಳು. ತೂಬಿನ ಕೋಣೆಯೂ ಕೊಚ್ಚಿಹೋಯಿತು.

ಕಾರ್ಖಾನೆಯವರೇ ಏರಿ ಕಡಿದಿದ್ದಾರೆ, ಜೋಪಡಿಗಳನ್ನು ಎಬ್ಬಿಸಲು. ಸಂಘದ ನಿಲುವು ಇದು. ನಾನೇ ಮೊಳೆ ಜೋಡಿಸಿದ ಕರಪತ್ರದ ಒಂದು ಪ್ರತಿ ಇದರೊಳಗಿದೆ. "ನೀರಿನಲ್ಲಿ ಮುಳುಗಿಸಿ ಕೊಂದರು! ಆ ಹೊತ್ತಿನಲ್ಲಿ ಕಾರ್ಖಾನೆಯ ಆಳೊಬ್ಬ ಏರಿಯ ಮೇಲೆ ಹಗ್ಗ ಹಿಡಿದು ನಿಂತದ್ದನ್ನು ಕಂಡವರಿದ್ದಾರೆ!" ಎರಡು ಸಾವಿರ ಪ್ರತಿ ಹೋಗಿದೆ.

ನಿನ್ನ ಹದಿನೈದನೇ ತಾರೀಖಿನ ಪತ್ರ ಇವತ್ತು ಬೆಳಗ್ಗೆ ಬಂತು.

ತಮ್ಮ


24 ಫೆಬ್ರವರಿ 1956

ತಮ್ಮಾ,

ನಿನ್ನ ಯಾವ ಪತ್ರವನ್ನೂ ಸುಡುವುದಿಲ್ಲ.

ಶಾಲೆ ಎಂದೆ, ನಾನು ಅಂಚೆಗೆ ಹಾಕಿದೆ. ಏರಿ ಎಂದಿದ್ದರೆ ತಂತಿ ಕೊಡುತ್ತಿದ್ದೆ. ಹದಿನೈದರ ಸಂಜೆಗೇ ನಿನ್ನ ಕೈಯಲ್ಲಿರುತ್ತಿತ್ತು. ನಾನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಇದನ್ನು ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ, ಊಟ ಮಾಡುವಾಗ, ಶಾಯಿ ಕಲಸುವಾಗ.

ನಾನೂ ನಿನಗೆ ಒಂದು ಸುಳ್ಳು ಹೇಳಿದ್ದೇನೆ. ಹಲ್ಲುಗಳನ್ನು "ಯಾರೋ" ತೆಗೆಯಲಿಲ್ಲ. ಮೂಲ ಹಾಳೆಯನ್ನು ನೋಡಿದ ಕ್ಷಣ ಎಲ್ಲ ನೆನಪಾಯಿತು. ಕಾರ್ಖಾನೆಯ ಹೆಸರು ದಪ್ಪಕ್ಷರದಲ್ಲಿ ಬರಬೇಕೆಂದು ಮೇಲಿನಿಂದ ಚೀಟಿ ಬಂದಿತ್ತು. ದಪ್ಪ ಮಾಡಿದಾಗ ಕೊನೆಯ ಎರಡು ಅಕ್ಷರ ಆ ಉಂಗುರದ ಮೇಲೆ ಕೂತವು. ಹಲ್ಲುಗಳು ಅಕ್ಷರದ ಹೊಟ್ಟೆಯೊಳಗೆ ಸಿಕ್ಕಿಕೊಂಡು ಕಸದಂತೆ ಕಾಣುತ್ತಿದ್ದವು. ಬ್ಲೇಡು ತೆಗೆದುಕೊಂಡು ಕೆರೆದೆ, ಒಂದೊಂದಾಗಿ. ಉಪ್ಪು ನೆಲ, ಯಾರಿರುತ್ತಾರೆ ಅಲ್ಲಿ ಎಂದುಕೊಂಡೆ. ಅದಕ್ಕೇ ಭೂತಗನ್ನಡಿ "ಚೊಕ್ಕವಾಗಿದೆ" ಎಂದದ್ದು.

ಈಗ ನೀನು ಹೇಳು. ಇಲ್ಲಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿದೆ. ಹದಿನಾಲ್ಕಲ್ಲ, ಹದಿನೈದು ಎಂದಿದ್ದಾರೆ. ಹದಿನೈದನೆಯವನು ನೀರುಗಂಟಿ. "ಕೈಗಳನ್ನು ಕಟ್ಟಿದ ಸ್ಥಿತಿಯಲ್ಲಿ" ಎಂದಿದ್ದಾರೆ.

ನಿನ್ನ ಪತ್ರದಲ್ಲಿ ಅವನೇ ಇಲ್ಲ. ಕೋಣೆ ಕೊಚ್ಚಿಹೋಯಿತು ಎಂದಷ್ಟೇ ಇದೆ. ಯಾರು ಕಟ್ಟಿದ್ದು?

ಅಕ್ಕ


3 ಮಾರ್ಚ್ 1956

ಅಕ್ಕಾ,

ನಾನು.

ಇಷ್ಟು ಬರೆದು ಎರಡು ದಿನ ಹಾಳೆಯನ್ನು ಹಾಗೇ ಇಟ್ಟಿದ್ದೆ.

ನಕ್ಷೆ ತೋರಿಸಿದ ದಿನ ಅವನು ಹೇಳಿದ್ದನ್ನು ನಿನಗೆ ಬರೆಯಲಿಲ್ಲ. "ದಿಬ್ಬ ಅಂತೆ ದಿಬ್ಬ! ಬಿಳೀ ಉಪ್ಪು ಕೂತಿರೋದು ಕಾಣ್ಸಲ್ವೇನೋ? ನೀರು ನಿಂತು ಆರಿದ ಜಾಗ ಅದು. ಈ ಕಡಿಯೋರಿಗೂ ಹೇಳಿದೆ, ಮಳೆ ಬರೋಕ್ಮುಂಚೆ ಏಳ್ರಪ್ಪಾ ಅಂತ." ಅವನು ಧಣಿಯ ಪರವಾಗಿ ಜೋಪಡಿ ಎಬ್ಬಿಸಲು ನೋಡುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಒಂದು ಕಡೆ ಮೂವತ್ತು ವರ್ಷ ನೀರು ನೋಡಿದ ಮುದುಕ, ಇನ್ನೊಂದು ಕಡೆ ಅಚ್ಚಾದ ಹಾಳೆ. ನಾನು ಅಚ್ಚಿನವನು. ಅಚ್ಚನ್ನು ನಂಬಿದೆ.

ಹದಿನಾರರ ಮಧ್ಯಾಹ್ನ ಗುದ್ದಲಿಗಳನ್ನು ನೋಡಿದ ತಕ್ಷಣ ಅವನಿಗೆ ಎಲ್ಲ ಹೊಳೆಯಿತು. ಏರಿಯ ಮೇಲೆ ಕೈ ಚಾಚಿ ಅಡ್ಡ ನಿಂತ. "ಬೇಡ್ರೋ! ಅದು ಗುಂಡಿ ಕಣ್ರೋ! ಮಕ್ಕಳು ಮಲಗವೆ!" ಎಂದು ಕಿರುಚಿದ. ಕಾವಲಿನವರಿಗೆ ಕೇಳಿಸುತ್ತದೆಂದು ಒಬ್ಬ ಗುದ್ದಲಿಯ ಹಿಡಿಯಿಂದ ಅವನ ಬಾಯಿಗೆ ಹೊಡೆದ. ಹಲ್ಲು ಮುರಿದು ನನ್ನ ಕಾಲ ಬಳಿ ಬಿತ್ತು. ಕೋಣೆಯೊಳಗೆ ಎಳೆದುಕೊಂಡು ಹೋದೆವು. ಬಾಯಿಗೆ ಅವನದೇ ಟವೆಲು ತುರುಕಿದರು. ಕೈ ಕಟ್ಟಲು ಯಾರ ಬಳಿಯೂ ಹಗ್ಗವಿರಲಿಲ್ಲ. ನನ್ನ ಜೇಬಿನಲ್ಲಿ ದಾರ ಇತ್ತು. ನಮ್ಮ ಜೇಬಿನಲ್ಲಿ ಯಾವಾಗಲೂ ಇರುತ್ತದೆ, ಜೋಡಿಸಿದ ಮೊಳೆ ಚೆಲ್ಲದಂತೆ ಪುಟಕ್ಕೆ ಸುತ್ತುವ ದಾರ. ಕೆಲಸ ಮುಗಿದ ತಕ್ಷಣ ಬಿಚ್ಚುತ್ತೇನೆ ಎಂದು ಅವನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ.

ನಾವು ಕಡಿದದ್ದು ಮೂರು ಅಡಿ ಅಗಲ, ಕೋಣೆಯಿಂದ ನೂರು ಹೆಜ್ಜೆ ದೂರದಲ್ಲಿ. ಮಿಕ್ಕಿದ್ದನ್ನು ನೀರೇ ಕಡಿಯಿತು. ಏರಿ ಒದ್ದೆ ಬೆಲ್ಲದಂತೆ ಕುಸಿಯುತ್ತಾ ಕೋಣೆಯ ಕಡೆಗೆ ಬಂತು. ನಾನು ಓಡಿದೆ. ಕೋಣೆಯ ಕಡೆಗೆ ಓಡಿದೆ ಎಂದು ಬರೆಯಬೇಕೆಂದು ಕೈ ಎಳೆಯುತ್ತಿದೆ, ಅಕ್ಕ. ಬೇರೆ ಕಡೆಗೆ ಓಡಿದೆ. ಹಿಂದಿರುಗಿ ನೋಡಿದಾಗ ನೀರು ಕಾರ್ಖಾನೆಯ ಕಡೆಗೆ ಹೋಗಲೇ ಇಲ್ಲ. ಸೀದಾ ಜೋಪಡಿಗಳ ಮೇಲೆ ನುಗ್ಗಿ, ತುಂಬಿಕೊಂಡು, ಸುತ್ತಲೂ ಕಬ್ಬಿನ ನಡುವೆ ದುಂಡಗೆ ನಿಂತಿತು. ನಿನ್ನ ಉಂಗುರದ ಅಳತೆಗೆ ಸರಿಯಾಗಿ.

ಕಾರ್ಖಾನೆಯ ಅಂಗಳಕ್ಕೆ ಒಂದು ಹನಿ ಹೋಗಲಿಲ್ಲ.

ಆಮೇಲೆ ಕರಪತ್ರ. ಕಾರ್ಖಾನೆಯ ಆಳೊಬ್ಬ ಹಗ್ಗ ಹಿಡಿದು ನಿಂತಿದ್ದ ಎಂಬ ಮಾತು ನಿಜ. ಅವನು ಲಾರಿಯವನು. ಕಬ್ಬಿನ ಹೊರೆ ಕಟ್ಟುವ ಹಗ್ಗ ಎಸೆದು ಮೂರು ಮಕ್ಕಳನ್ನು ಎಳೆದ. ಆ ಅರ್ಧ ನಿಜ ನನಗೆ ಬೇಕಾಗಿತ್ತು, ಮಿಕ್ಕರ್ಧವನ್ನು ಜೋಡಿಸಲಿಲ್ಲ. ಇಪ್ಪತ್ತೆರಡನೇ ತಾರೀಖು ಕಬ್ಬು ಕಡಿಯುವವರು ಕರಪತ್ರ ಓದಿಸಿಕೊಂಡು ಕಾರ್ಖಾನೆಯ ಬಾಗಿಲಿಗೆ ಹೋದರು. ಅವನು ಲಾರಿಯಿಂದ ಇಳಿಯುತ್ತಿದ್ದ. "ಇವ್ನೇ, ಹಗ್ಗದವ್ನು!" ಎಂದು ಒಬ್ಬಳು ಕೂಗಿದಳು. ಅವಳ ಮಗು ಮುಳುಗಿತ್ತು. ಅವರ ಕೈಯಲ್ಲಿ ಕಬ್ಬಿನ ಮಚ್ಚುಗಳಿದ್ದವು. ಅವನು ಸಾಯುವುದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಅವರು ನಿಲ್ಲಿಸುವುದಕ್ಕೆ ಹಿಡಿಯಿತು. ನಾನು ಬೇಲಿಯಾಚೆ ನಿಂತಿದ್ದೆ. ಅವನ ಮುಖಕ್ಕೆ ನನ್ನ ಕರಪತ್ರ ಒಂದು ರಕ್ತದಲ್ಲಿ ಅಂಟಿಕೊಂಡಿತ್ತು. ಅಕ್ಷರ ಓದಬಹುದಾಗಿತ್ತು. ಸಾಬೂನಿನ ವಾಸನೆಯೂ ಬಂದಂತಾಯಿತು.

ನಿಜ ಹೇಳೋಣ ಎಂದು ಸಂಘದ ಅಧ್ಯಕ್ಷರ ಬಳಿ ಹೋದೆ. ಬೆನ್ನು ತಟ್ಟಿದರು. "ಸತ್ಯಕ್ಕೇನು ಅವಸರ ಇಲ್ಲ ತಮ್ಮಾ, ಅದು ಎಲ್ಲೂ ಓಡಿಹೋಗಲ್ಲ. ಚಳವಳಿ ಓಡಿಹೋಗುತ್ತೆ."

ನಿನ್ನೆ ಅಚ್ಚುಮನೆಗೆ ಒಬ್ಬ ಹೆಂಗಸು ಬಂದಳು. ನೀರುಗಂಟಿಯ ಮಗಳು. ತಂದೆಯ ಸಾವಿನ ತಿಳಿವಳಿಕೆ ಪತ್ರ ಐವತ್ತು ಪ್ರತಿ ಬೇಕು ಎಂದಳು. ಜೋಡಿಸಿದೆ, ದಾರ ಸುತ್ತಿ ಪುಟ ಕಟ್ಟಿದೆ. ಅವಳು ಕಲ್ಲಿನ ಮೇಜಿನ ಪಕ್ಕ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಸೆರಗಿನ ಗಂಟಿನಿಂದ ಒಂದು ದಾರ ತೆಗೆದು ಪುಟದ ಪಕ್ಕದಲ್ಲಿ ಇಟ್ಟಳು.

"ಅಪ್ಪನ ಕೈಯಲ್ಲಿದ್ದದ್ದು. ನಾನೇ ಬಿಚ್ಚಿದೆ. ಗಂಟೇ ಇರ್ಲಿಲ್ಲ" ಎಂದಳು. "ಗಂಟಿಲ್ದೆ ಇಷ್ಟು ಬಿಗಿಯಾಗಿ ಕಟ್ಟೋದು ಯಾರಿಗೆ ಬರುತ್ತೆ?"

ಅವಳು ದಾರವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು. ಪತ್ರಗಳನ್ನು ನಾಳೆ ಒಯ್ಯುತ್ತೇನೆ ಎಂದಿದ್ದಳು. ಇವತ್ತು ಬರಲಿಲ್ಲ.

ತಮ್ಮ


9 ಮಾರ್ಚ್ 1956

ತಮ್ಮಾ,

ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿದೆ. ಅವಳು ಎದ್ದು ಹೋಗಿ ನಿನ್ನ ಹಾಸಿಗೆಯನ್ನು ಝಾಡಿಸಿ ಮತ್ತೆ ಹಾಸಿದಳು.

ನಾನು ಭೂತಗನ್ನಡಿಯ ಮೇಜಿನ ಮೇಲೆ ಮೂಲ ಹಾಳೆಯನ್ನೂ ಅಚ್ಚಾದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಬ್ಲೇಡು ಹಿಡಿದದ್ದು ನಾನು ಎಂದೆ. ಎರಡನ್ನೂ ಹೋಲಿಸಿ ನೋಡಿದರು. "ಮುಂದಿನ ಮುದ್ರಣದಲ್ಲಿ ಸರಿಮಾಡೋಣ" ಎಂದರು. ಮುಂದಿನ ಮುದ್ರಣ ಯಾವಾಗ? "ಇನ್ನು ಎಂಟು ವರ್ಷಕ್ಕೆ." ಮಾತು ಇಲ್ಲಿಗೇ ಮುಗಿಯಬೇಕೆಂದೂ, ಇಲ್ಲದಿದ್ದರೆ ಹಾಳೆ ಹೊರಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆಂದೂ ಮೆಲ್ಲಗೆ ಹೇಳಿದರು. ಏಳಲಿ ಎಂದೆ. ನಿನ್ನೆ ಲಿಖಿತ ಹೇಳಿಕೆ ಕೊಟ್ಟಿದ್ದೇನೆ: ಹಲ್ಲು ಕೆರೆದದ್ದು, ಚೀಟಿ ಬಂದದ್ದು, ಹಾಳೆ ಕಳಿಸಿದ್ದು. ನಿನ್ನ ಹೆಸರು ಬರೆದಿಲ್ಲ. ಅದನ್ನು ಬರೆಯಬೇಕಾದವನು ನೀನು.

ನಾನು ಕೆರೆದದ್ದು ಹನ್ನೊಂದು ಹಲ್ಲು. ಅದರ ಭಾರ ನನ್ನದು, ನಿನಗೆ ಚೂರೂ ಕೊಡುವುದಿಲ್ಲ. ನಕ್ಷೆ ತಪ್ಪಾಗಿತ್ತು ಎಂದು ನೀನು ಮಕ್ಕಳ ಬಗ್ಗೆ ಹೇಳಬಹುದು. ಆದರೆ ಸರಿ ಹೇಳಿದವನ ಬಾಯಿಗೆ ಬಟ್ಟೆ ತುರುಕಲು ಯಾವ ನಕ್ಷೆಯೂ ನಿನಗೆ ಹೇಳಲಿಲ್ಲ.

ಅಚ್ಚಾಗಿದ್ದರೆ ಕಣ್ಣಿಗಾದರೂ ಬೀಳುತ್ತದೆ ಎಂದು ಬರೆದಿದ್ದೆ. ಮೊಳೆ ನಿನ್ನ ಕೈಯಲ್ಲೇ ಇದೆ.

ಅಕ್ಕ


14 ಮಾರ್ಚ್ 1956

ಅಕ್ಕ,

ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಹನ್ನೆರಡನೇ ತಾರೀಖು ಬೆಳಗ್ಗೆ ಅಚ್ಚುಮನೆಯ ಬಾಗಿಲು ಹಾಕಿಕೊಂಡು ಒಂದು ಕರಪತ್ರ ಜೋಡಿಸಿದೆ. ವಿಶೇಷಣ ಒಂದೂ ಇಲ್ಲ, ಆಶ್ಚರ್ಯ ಚಿಹ್ನೆ ಒಂದೂ ಇಲ್ಲ. ಏರಿ ಕಡಿದವರು ಯಾರು, ನೀರುಗಂಟಿ ಏನು ಹೇಳಿದ, ಅವನನ್ನು ಕಟ್ಟಿದವನು ಯಾರು, ಲಾರಿಯವನು ಹಗ್ಗ ಹಿಡಿದದ್ದು ಯಾತಕ್ಕೆ. ಕೆಳಗೆ ನನ್ನೊಬ್ಬನ ಹೆಸರು. ಮಿಕ್ಕ ಎಂಟು ಜನ ತಮ್ಮ ಹೆಸರನ್ನು ತಾವೇ ಹೇಳಲಿ. ಇನ್ನೂರು ಪ್ರತಿ ತುಳಿದೆ. ಜೋಪಡಿಯವರಲ್ಲಿ ಹಂಚಿದೆ, ಓದಲು ಬಾರದವರಿಗೆ ಓದಿ ಹೇಳಿದೆ. ಯಾರೂ ನನ್ನನ್ನು ಹೊಡೆಯಲಿಲ್ಲ. ಹಗ್ಗದವನು ಎಂದು ಕೂಗಿದ್ದ ಹೆಂಗಸು ನಡುವೆ ಎದ್ದು ಹೋಗಿ ಮಚ್ಚನ್ನು ಮರಳಿನಲ್ಲಿ ಉಜ್ಜತೊಡಗಿದಳು, ನಾನು ಹೊರಡುವವರೆಗೂ ಉಜ್ಜುತ್ತಲೇ ಇದ್ದಳು.

ಹೊಡೆದದ್ದು ನಮ್ಮವರು. ಸಂಜೆ ಅಚ್ಚುಮನೆಗೆ ಬಂದು ಕೇಸುಗಳನ್ನು ನೆಲಕ್ಕೆ ಸುರಿದರು. ನನ್ನ ಬಲಗೈಯನ್ನು ಯಂತ್ರದ ತಟ್ಟೆಗಳ ನಡುವೆ ಇಟ್ಟು ಒಬ್ಬ ತುಳಿದ. "ಇನ್ನು ಜೋಡ್ಸು, ನೋಡೋಣ!" ಎಂದ. ನಾಲ್ಕು ಬೆರಳು ಹೋಗಿವೆ. ಹೆಬ್ಬೆಟ್ಟು ತಟ್ಟೆಯಿಂದ ಹೊರಗಿತ್ತು, ಅದನ್ನು ಮರೆತರು. ಒಳ್ಳೆಯದೇ ಆಯಿತು. ಇನ್ನೊಂದು ಗಂಟೆಯಲ್ಲಿ ಠಾಣೆಗೆ ಹೋಗುತ್ತೇನೆ. ಈ ಸಲ ಒತ್ತಲು ಇರುತ್ತದೆ.

ಅದಕ್ಕೂ ಮುಂಚಿನ ಒಂದು ಮಾತು ಉಳಿದಿದೆ. ಕರಪತ್ರದ ಮೊದಲ ಪ್ರತಿಯನ್ನು, ಶಾಯಿ ಆರುವ ಮುಂಚೆ, ನೀರುಗಂಟಿಯ ಮಗಳ ಮನೆಗೆ ಒಯ್ದಿದ್ದೆ. ಅವಳು ಹೊಸ್ತಿಲಲ್ಲೇ ಕೂತು ಎರಡು ಸಲ ಓದಿದಳು. ಒಳಗೆ ಹೋಗಿ ಆ ದಾರ ತಂದಳು. ನನ್ನ ಮುಂದೆ ಹಾಕಿ, ಎರಡೂ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ತಿರುಗಿ ನಿಂತಳು.

"ಕಟ್ಟಿ ತೋರ್ಸು."

ಆಗುವುದಿಲ್ಲ ಎಂದೆ.

"ಅಪ್ಪನಿಗೆ ಆಯ್ತಲ್ಲ. ಕಟ್ಟು."

ಕಟ್ಟಿದೆ. ನಾಲ್ಕು ಸುತ್ತು ಎಳೆದು, ದಾರದ ತುದಿಯನ್ನು ಸುತ್ತುಗಳ ಕೆಳಗೆ ಮೂಲೆಯಲ್ಲಿ ತುರುಕುವುದು. ಅಷ್ಟೇ, ಗಂಟು ಬೇಡ. ಅವಳು ಎಳೆದಳು, ತಿರುಚಿದಳು, ಗೋಡೆಗೆ ಉಜ್ಜಿದಳು. ಮಣಿಕಟ್ಟು ಕೆಂಪಾಗಿ ಚರ್ಮ ಸುಲಿಯಿತು. ಕೊನೆಗೆ ಎಳೆಯುವುದನ್ನು ನಿಲ್ಲಿಸಿದಳು.

"ತುದಿ ಎಲ್ಲಿದೆ?"

"ಮಣಿಕಟ್ಟಿನ ಆಚೆಗೆ."

"ಬೆರಳಿಗೆ ಸಿಗ್ತಿಲ್ಲ."

"ಸಿಗಲ್ಲ."

"ಬೇರೆ ಯಾರಾದ್ರೂ ಇದ್ದಿದ್ರೆ?"

ನಾನು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ನಾಲ್ಕೂ ಸುತ್ತು ತಾವಾಗಿ ಕಳಚಿ ನೆಲಕ್ಕೆ ಬಿದ್ದವು.

ಅವಳು ತಿರುಗಿ ಆ ದಾರವನ್ನು ನೋಡಿದಳು.

"ಇಷ್ಟೇನಾ?" ಎಂದಳು.

ನಿನ್ನ ತಮ್ಮ